ಪಿಷ್ಟದ ಹಾಳೆಯ ಮೊಂಡುತನ

ಮೇಷ್ಟ್ರು ತಾವೇ ತಯಾರಿಸಿದ ಪಿಷ್ಟದ ಹಾಳೆಯನ್ನು ಗಾಜಿನ ತಟ್ಟೆಯಿಂದ ಬಿಡಿಸಲು ಹೋದರು. ಅದು ತರಗೆಲೆಯಂತೆ ಚಟಚಟನೆ ಮುರಿದು ಮೂರು ಚೂರಾಯಿತು.

“ಪ್ಲಾಸ್ಟಿಕ್ಕಿಗೆ ಬದಲಿ ಎಂದಿದ್ದಿರಿ, ಇದು ಗಾಜಿಗೆ ಬದಲಿಯಾದಂತಿದೆ” ಎಂದು ವಕೀಲರು ಮೊದಲ ಆಕ್ಷೇಪಣೆ ಸಲ್ಲಿಸಿದರು.

“ತಪ್ಪು ಪಿಷ್ಟದ್ದಲ್ಲ, ಗ್ಲಿಸರಾಲ್ ಎಂಬ ಮಂದ ದ್ರವ ಹಾಕದ ನನ್ನದು. ಸರಪಳಿಯಂಥ ಪಿಷ್ಟದ ಉದ್ದ ಅಣುಗಳು ಹೈಡ್ರೋಜನ್ ಬಂಧಗಳೆಂಬ ಸೆಳೆತದಿಂದ ಒಂದನ್ನೊಂದು ಬಿಗಿದುಕೊಂಡು ಕುಳಿತಿರುತ್ತವೆ. ಗ್ಲಿಸರಾಲಿನ ಪುಟ್ಟ ಅಣು ಅವುಗಳ ನಡುವೆ ನುಸುಳಿ, ಆ ಬಂಧಗಳನ್ನು ತನ್ನತ್ತ ಸೆಳೆದುಕೊಂಡು, ಸರಪಳಿಗಳು ಜಾರಾಡಲು ಜಾಗ ಮಾಡಿಕೊಡುತ್ತದೆ. ಆಗ ಹಾಳೆ ಮುರಿಯುವ ಬದಲು ಬಾಗುತ್ತದೆ.”

“ಹಾಗಾದರೆ ಧಾರಾಳವಾಗಿ ಸುರಿಯಿರಿ” ಎಂದರು, ಪರರ ಖರ್ಚಿನಲ್ಲಿ ಎಂದೂ ಕೈ ಬಿಗಿಹಿಡಿಯದ ನಮ್ಮ ಕವಿಗಳು.

“ಕಳೆದ ಸಲ ಹಾಗೆಯೇ ಸುರಿದೆ. ಪಿಷ್ಟದ ತೂಕದ ಶೇ. 20ರಿಂದ 40ರಷ್ಟು ಹಾಕುವುದು ವಾಡಿಕೆ. ನಾನು ಅದನ್ನು ದಾಟಿದೆ. ಹಾಳೆಯೇನೋ ಹಿಗ್ಗಿತು, ಆದರೆ ಬಲ ಕುಸಿಯಿತು, ಗಾಳಿಯ ತೇವ ಹೀರಿ ಬೆರಳಿಗೆ ಅಂಟಿತು. ನೀರೂ ಗ್ಲಿಸರಾಲಿನಂತೆ ಮೆದುವಾಗಿಸುವ ವಸ್ತು, ಅಂದರೆ ಪ್ಲಾಸ್ಟಿಸೈಜರೇ ಆದ್ದರಿಂದ, ಗ್ಲಿಸರಾಲ್ ಕರೆತಂದ ಈ ನೆಂಟ ಹಾಳೆಯನ್ನು ಇನ್ನಷ್ಟು ಹದಗೆಡಿಸಿದ. ಅಂಥದೇ ಇನ್ನೊಂದು ವಸ್ತು ಸಾರ್ಬಿಟಾಲ್ ಇಷ್ಟು ತೇವ ಹೀರುವುದಿಲ್ಲ, ಆದರೆ ಇಷ್ಟು ಮೆದುವಾಗಿಸುವುದೂ ಇಲ್ಲ.”

“ಪರಿಹಾರ?”

“ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಅದರ ಒಂದೊಂದು ಪದರವೂ ಸುಮಾರು 1 ನ್ಯಾನೋಮೀಟರ್ ದಪ್ಪ, ಅಗಲ ಮಾತ್ರ ಅದರ ನೂರಾರು ಪಟ್ಟು. ಪದರಗಳು ಬಿಡಿಬಿಡಿಯಾಗಿ ಹರಡಿದರೆ ಹಾಳೆ ಗಡುಸಾಗುತ್ತದೆ. ನೀರಾವಿಯೂ ನೇರವಾಗಿ ದಾಟಲಾರದೆ ಪ್ರತಿಯೊಂದನ್ನೂ ಸುತ್ತಿ ಬಳಸಿ ಬರಬೇಕಾಗುತ್ತದೆ.”

“ದಾವೆಯನ್ನು ವಜಾ ಮಾಡದೆ ವಾಯಿದೆಯ ಮೇಲೆ ವಾಯಿದೆ ಕೊಡುವುದು” ಎಂದು ವಕೀಲರು ಮೊದಲ ಬಾರಿಗೆ ವಿಜ್ಞಾನಕ್ಕೆ ತಲೆದೂಗಿದರು.

“ಆದರೆ ಜೇಡಿಯ ಪಾಲು ಶೇ. 5ರ ಆಚೆಗೆ ಹೋದರೆ ಪದರಗಳು ಚದುರಿ ನಿಲ್ಲದೆ ಮುದ್ದೆ ಕಟ್ಟುವುದೇ ಹೆಚ್ಚು, ಬಿರುಕು ಹುಟ್ಟುವುದೂ ಆ ಮುದ್ದೆಯ ಅಂಚಿನಲ್ಲೇ.”

“ಕವಿಗೋಷ್ಠಿಯಲ್ಲೂ ಅದೇ ಪಾಡು” ಎಂದು ಕವಿಗಳು ನಿಟ್ಟುಸಿರಿಟ್ಟರು. ಅನುಭವದ ಮಾತಾದ್ದರಿಂದ ಯಾರೂ ಅಲ್ಲಗಳೆಯಲಿಲ್ಲ.

“ಇನ್ನೊಂದು ಪೇಚಿದೆ. ಪಿಷ್ಟವನ್ನು ಮೆದುವಾಗಿಸಲೆಂದು ಹಾಕಿದ ಗ್ಲಿಸರಾಲ್ ಜೇಡಿಯ ಪದರಗಳ ನಡುವೆಯೂ ಹೋಗಿ ಕೂರಬಲ್ಲದು.”

“ಒಬ್ಬರಿಂದ ಫೀಸು ಪಡೆದು ಇನ್ನೊಬ್ಬರ ಮನೆಯಲ್ಲಿ ಕೂತಂತೆ! ಇದಕ್ಕೆ ನಮ್ಮಲ್ಲಿ ಸನ್ನದೇ ರದ್ದಾಗುತ್ತದೆ.”

ಮೇಷ್ಟ್ರು ಉತ್ತರಿಸದೆ, ಗ್ಲಿಸರಾಲೂ ಜೇಡಿಯೂ ಬೆರೆಸಿದ ಎರಡನೆಯ ಹಾಳೆಯನ್ನು ತಟ್ಟೆಯಿಂದ ಉಗುರಿನಲ್ಲಿ ಮೆಲ್ಲನೆ ಎಬ್ಬಿಸಿದರು. ಇಡಿಯಾಗಿ ಬಂದ ಹಾಳೆ ಮಡಿಸಿದರೂ ಮುರಿಯಲಿಲ್ಲ. ಬೆಳಕಿಗೆ ಹಿಡಿದಾಗ ಮಾತ್ರ ಮೂಲೆಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಯೊಂದು ಕಂಡಿತು. “ಸಾಕ್ಷ್ಯವನ್ನು ಪರೀಕ್ಷಿಸೋಣ” ಎಂದು ವಕೀಲರು ಎರಡೂ ಕೈಗಳಿಂದ ಎಳೆದರು. ಹಾಳೆ ಹರಿದದ್ದು ಸರಿಯಾಗಿ ಆ ಚುಕ್ಕೆಯ ಬಳಿಯೇ.