ಕಾಲ್ಗುಣ ಬಿಫೋರ್ ವಿಕೆಟ್

“ನೋಡ್ರೋ, ನೋಡ್ರೋ, ಬಂದಿದಾಳೆ!” ಶೀನ ಕೋಡುಬಳೆ ಹಿಡಿದ ಕೈಯಲ್ಲೇ ಟೀವಿ ತೋರಿಸಿದ.

“ಯಾರು, ಬೌಲರಾ?” ಅಂದ ನಾಣಿ.

“ಅನುಷ್ಕಾ ಕಣೋ, ಕೊಹ್ಲಿ ಹೆಂಡ್ತಿ!”

“ಓ. ಅರ್ಧ ಗಂಟೆಯಿಂದ ಅವಳೊಬ್ಬಳನ್ನೇ ನೋಡ್ತಿದೀನಿ, ಅವಳೇ ಬೌಲಿಂಗ್ ಮಾಡ್ತಿರಬೇಕು ಅಂದ್ಕೊಂಡೆ. ಇವನು ಫೋರ್ ಹೊಡೆದರೆ ಅವಳ ನಗು. ಬೀಟ್ ಆದರೆ ಅವಳ ಹುಬ್ಬು. ಓವರ್ ಮುಗಿದರೆ ಅವಳು ನೀರು ಕುಡಿಯೋದು. ಸ್ಲಿಪ್ಪಲ್ಲಿ ಯಾರು ನಿಂತಿದಾನೆ ಅಂತ ದೇವರಾಣೆಗೂ ಗೊತ್ತಿಲ್ಲ.”

“ಕ್ರಿಕೆಟ್ಟಿಗೂ ಸಿನಿಮಾಕ್ಕೂ ನಂಟು ಇವತ್ತಿನದಲ್ಲ,” ರಾಮು ಲೆಕ್ಕದ ಪುಸ್ತಕ ಬಿಚ್ಚಿದ. “ಪಟೌಡಿ–ಶರ್ಮಿಳಾ ಟಾಗೋರ್ ಮದುವೆ 1968ರ ಡಿಸೆಂಬರ್.”

“ಆಗ ರೇಡಿಯೊ ಕಣಯ್ಯಾ. ರೇಡಿಯೊಗೆ ಸ್ಟ್ಯಾಂಡು ಕಾಣಿಸ್ತಿರಲಿಲ್ಲ. ಪುಣ್ಯಾತ್ಮ 1961ರಲ್ಲಿ ಕಾರ್ ಅಪಘಾತದಲ್ಲಿ ಬಲಗಣ್ಣು ಕಳಕೊಂಡ, ಮರುವರ್ಷ ಇಪ್ಪತ್ತೊಂದಕ್ಕೇ ಕ್ಯಾಪ್ಟನ್ ಆದ. ಒಂದೇ ಕಣ್ಣಿದ್ದರೂ ಚೆಂಡನ್ನೇ ನೋಡ್ತಿದ್ದ. ಎರಡೆರಡು ಕಣ್ಣಿಟ್ಟುಕೊಂಡು ನಾವು ನೋಡ್ತಿರೋದೇನು?”

ಶೀನ ಬಗ್ಗಲಿಲ್ಲ. “ನೀ ಏನಾದ್ರೂ ಅನ್ನು, ಅವಳು ಬಂದ ದಿನ ಕೊಹ್ಲಿಗೆ ರನ್ನಾಗಲ್ಲ. ಕಾಲ್ಗುಣ. 2015ರ ವರ್ಲ್ಡ್ ಕಪ್ ಸೆಮಿಫೈನಲ್ ಮರೆತ್ಯಾ?”

“ಸಿಡ್ನಿ,” ಅಂದ ರಾಮು. “13 ಬಾಲಿಗೆ 1 ರನ್. ಕ್ಯಾಚ್ ಹ್ಯಾಡಿನ್, ಬೌಲ್ಡ್ ಜಾನ್ಸನ್.”

“ತಪ್ಪು ಬರೆದಿದಾರೆ,” ಅಂದ ನಾಣಿ. “ಕಾಲ್ಗುಣ ಅನುಷ್ಕಾ, ಬೌಲ್ಡ್ ಜಾನ್ಸನ್. ಆಗಿನ್ನೂ ಅವರ ಮದುವೆಯೂ ಆಗಿರಲಿಲ್ಲ. ಸೇರು ಒದ್ದು ಮನೆ ತುಂಬಿಸ್ಕೊಳ್ಳೋ ಮುಂಚೆಯೇ ಕಾಲ್ಗುಣ ಹಿಡಿದ ದೇಶ ನಮ್ಮದೊಂದೇ. ಔಟಾಗೋಕೆ ಎಷ್ಟು ದಾರಿ ಇದೆ ರಾಮು?”

“ಈಗಿನ ಕಾನೂನಲ್ಲಿ ಒಂಬತ್ತು.”

“ಹತ್ತನೇದು ಬರಕೋ. ಬ್ಯಾಟ್ಸ್‌ಮನ್ ಕಾಲು ಅಡ್ಡ ಬಂದರೆ ಎಲ್‌ಬಿಡಬ್ಲ್ಯೂ. ಹುಡುಗಿ ಕಾಲು ಅಡ್ಡ ಬಂದರೆ ಕೆಬಿಡಬ್ಲ್ಯೂ. ಕಾಲ್ಗುಣ ಬಿಫೋರ್ ವಿಕೆಟ್. ಅವಳು ಕೂತಿರೋದು ಎಲ್ಲೋ ಮೇಲಿನ ಸಾಲಲ್ಲಿ, ಕಾಲು ಬಂದು ಬಡಿಯೋದು ಮಿಡ್ಲ್ ಸ್ಟಂಪಿಗೆ. ವಾರ್ನ್ ಕೂಡ ಇಷ್ಟು ಸ್ಪಿನ್ ಮಾಡಿಲ್ಲ ಕಣೋ.”

ರಾಮುಗೆ ಕೋಡುಬಳೆ ನೆತ್ತಿಗೆ ಹತ್ತಿತು. ಶೀನ ಅವನ ಬೆನ್ನು ತಟ್ಟುತ್ತಲೇ ವಾದ ಮುಂದುವರಿಸಿದ. “ಅದರ ಹಿಂದಿನ ವರ್ಷ ಇಂಗ್ಲೆಂಡು? ಅಲ್ಲಿಗೂ ಜೊತೆಗೆ ಹೋಗಿದ್ದಳು.”

“ಹತ್ತು ಇನಿಂಗ್ಸ್, 134,” ಕೆಮ್ಮಿನ ನಡುವೆಯೇ ಅಂದ ರಾಮು.

“ಸರಿ, ಕಾಲ್ಗುಣ. 2017ರ ಡಿಸೆಂಬರಲ್ಲಿ ಇಟಲಿಗೆ ಹೋಗಿ ಅದೇ ಕಾಲಿಗೆ ಕಾಲುಂಗುರ ತೊಡಿಸಿದ. 2018ರಲ್ಲಿ ಮತ್ತೆ ಅದೇ ಇಂಗ್ಲೆಂಡು, ಅದೇ ಹತ್ತು ಇನಿಂಗ್ಸ್. ಎಷ್ಟು ಹೊಡೆದ?”

“593.”

“ಆ 593ರಲ್ಲಿ ಸೊಸೆ ಖಾತೆಗೆ ಎಷ್ಟು ಜಮಾ ಮಾಡಿದ್ರಿ ಶೀನಪ್ಪನೋರೇ? ಸೊನ್ನೆಯಾದರೆ ಹುಡುಗಿಯದು, ಸೆಂಚುರಿಯಾದರೆ ಹುಡುಗನದು. ನಮ್ಮಜ್ಜಿಯೂ ಹೀಗೇ. ಎಮ್ಮೆ ಗಬ್ಬ ನಿಲ್ಲದಿದ್ದರೆ ಅಮ್ಮನ ಕಾಲ್ಗುಣ, ನಿಂತರೆ ಎಮ್ಮೆಯ ಗುಣ.”

ಶೀನನಿಗೆ ಬೇರೆ ದಾರಿ ಕಾಣದೆ ಮಂಗಳೂರಿನ ಕಡೆ ತಿರುಗಿದ. “ಹೋಗ್ಲಿ, ನಮ್ಮ ಕೆ.ಎಲ್. ರಾಹುಲ್ ನೋಡು. ನಮ್ಮೋನು, ಬಾಲಿವುಡ್ಡಿಗೇ ಅಳಿಯ ಆದ.”

“ಬಾಲಿವುಡ್ಡೇನು ಬಂತು? ಹುಡುಗ ಆಡಿ ಬೆಳೆದದ್ದು ಸುರತ್ಕಲ್‌ನಲ್ಲಿ, ಮಾವ ಸುನೀಲ್ ಶೆಟ್ಟಿ ಮೂಲತಃ ಮೂಲ್ಕಿ ಕಡೆಯೋರು. ಸುರತ್ಕಲ್‌ನಲ್ಲಿ ಬಸ್ ಹತ್ತಿ ಕಿಟಕಿ ಪಕ್ಕದ ಸೀಟು ಸಿಗೋದರೊಳಗೆ ಮೂಲ್ಕಿ ಬರ್ತದೆ. ಅಷ್ಟಕ್ಕೆ ಮುಂಬೈ ಸುತ್ತಿ, ಖಂಡಾಲ ಹತ್ತಿ, 2023ರ ಜನವರಿಯಲ್ಲಿ ತಾಳಿ ಕಟ್ಟಿದರು. ಘಾಟ್ ಸೆಕ್ಷನ್ ಅಂದ್ರೆ ಇದು!”

ಅಡುಗೆಮನೆ ಬಾಗಿಲಿಗೆ ಒರಗಿ, ಸೆರಗಿಗೆ ಕೈ ಒರಸಿಕೊಳ್ಳುತ್ತಾ ವಿಶಾಲು ಎಷ್ಟು ಹೊತ್ತಿಂದ ನಿಂತಿದ್ದಳೋ. “ಸಿನಿಮಾದ ನೀನಾ ಗುಪ್ತಾ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ವಾ?” ಅಂದಳು.

ರಾಮು ತಡವರಿಸಿದ. “ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್... ಮಗಳು ಹುಟ್ಟಿದ್ದು 1989, ಅತ್ತಿಗೆ.”

“ಅವನಿಗೆ ಆಗಲೇ ಮದುವೆಯಾಗಿತ್ತು. ಇವಳು ಒಬ್ಬಳೇ ಹೆತ್ತಳು, ಒಬ್ಬಳೇ ಬೆಳೆಸಿದಳು. ರಾತ್ರಿ ಮಗುವಿಗೆ ಜ್ವರ ಬಂದರೆ ಒದ್ದೆ ಬಟ್ಟೆ ಹಿಡ್ಕೊಂಡು ಎದ್ದು ಕೂತಿರ್ತಾಳಲ್ಲ, ಆಗ ಯಾವ ಕ್ಯಾಮೆರಾನೂ ತಿರುಗಲಿಲ್ಲ ಬಿಡಿ.”

ಯಾರೂ ಮಾತಾಡಲಿಲ್ಲ. ನಾಣಿ ಲೋಟದ ಕಾಫಿಯನ್ನು ಡವರಕ್ಕೆ ಸುರಿದು, ಡವರದಿಂದ ಲೋಟಕ್ಕೆ ಸುರಿದು, ಮತ್ತೆ ಡವರಕ್ಕೇ ಸುರಿದ. ಅದು ಆಗಲೇ ಆರಿ ತಣ್ಣಗಾಗಿತ್ತು.

“ನೀನೂ ಬರ್ತಿದ್ದೆ,” ಅಂದ ಕೊನೆಗೆ. “ಬ್ಯಾಂಕಿನೋರ ಮ್ಯಾಚಿಗೆ. ಹೊಸದಾಗಿ ಮದುವೆಯಾದಾಗ. ಹುಣಸೇಮರದ ಕೆಳಗೆ ಚಾಪೆ ಹಾಸ್ಕೊಂಡು.”

“ಎರಡು ಸಲ ಬಂದೆ. ಎರಡು ಸಲವೂ ನೀವು ಸೊನ್ನೆ. ಎರಡನೇ ಸಲ ಮನೆಗೆ ಬಂದು ಏನಂದ್ರಿ?”

“ಏನಂದೆ?”

“ಇನ್ಮೇಲೆ ಬರಬೇಡ ಅಂದ್ರಿ.”

ಶೀನ ಈಗ ನಗಬಹುದಿತ್ತು. ನಗಲಿಲ್ಲ.

“ಆಮೇಲೂ ನಾನು ಹೊಡೆದದ್ದು ಸೊನ್ನೆಯೇ ಕಣೇ,” ಅಂದ ನಾಣಿ. “ಹೇಳಿರಲಿಲ್ಲ, ಅಷ್ಟೆ. ಹದಿನೆಂಟು ಹೊಡೆದೆ, ಇಪ್ಪತ್ತೆರಡು ಹೊಡೆದೆ ಅಂತ ಬಂದು ಹೇಳ್ತಿದ್ದೆನಲ್ಲ...”

“ಗೊತ್ತಿತ್ತು ರೀ. ನಿಮ್ಮ ಪ್ಯಾಂಟು ಒಗೀತಿದ್ದೋಳು ನಾನು. ಇಪ್ಪತ್ತೆರಡು ರನ್ ಓಡಿದೋರ ಪ್ಯಾಂಟಿಗೆ ಒಂದಿಷ್ಟಾದ್ರೂ ಮಣ್ಣಾಗಬೇಡ್ವಾ?”

ರಾಮುಗೆ ಮತ್ತೆ ನೆತ್ತಿಗೆ ಹತ್ತಿತು. ಈ ಸಲ ಬೆನ್ನು ತಟ್ಟಿದವನು ನಾಣಿ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಒಳಗಿಂದ ಹಾಲು ಸೀದ ವಾಸನೆ ಬಂತು. ವಿಶಾಲು ತಿರುಗುವಷ್ಟರಲ್ಲಿ ನಾಣಿ ಪಂಚೆ ಎತ್ತಿ ಕಟ್ಟಿಕೊಂಡು ಎದ್ದಿದ್ದ. “ಕೂತ್ಕೋ, ನಾನು ನೋಡ್ತೀನಿ.”

ಅವಳು ಅವನ ಕುರ್ಚಿಯಲ್ಲೇ ಕೂತು, ಉಳಿದಿದ್ದ ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ಟೀವಿ ಕಡೆ ನೋಡಿದಳು. ಅಲ್ಲಿ ಯಾವುದೋ ಸಿಮೆಂಟಿನ ಜಾಹೀರಾತು ಬರುತ್ತಿತ್ತು.

“ಸ್ಕೋರ್ ಎಷ್ಟಾಯ್ತು?”

ಶೀನ ರಾಮುವಿನ ಮುಖ ನೋಡಿದ. ರಾಮು ಶೀನನ ಮುಖ ನೋಡಿದ.