ಮನೆಗೆ ಬಂದು ಐದು ದಿನ ಆಯ್ತು, ಬಡ್ಜಿಗಳು ಮೂಲೆ ಬಿಟ್ಟು ಬರ್ತಿಲ್ಲ

ತುಮಕೂರು ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದವರು ಪುಣೆಗೆ ವರ್ಗವಾಗಿ ಹೋಗುವಾಗ ತಮ್ಮ ಎರಡು ಬಡ್ಜಿಗಳನ್ನು (ಪುಟ್ಟ ಗಿಳಿ ಜಾತಿಯ ಸಾಕು ಹಕ್ಕಿ) ನಮಗೆ ಕೊಟ್ಟು ಹೋದರು. ಪಂಜರ, ಒಳಗೆ ಕಟ್ಟಿದ ಮಡಕೆ, ಅರ್ಧ ಡಬ್ಬಿ ನವಣೆ, ಎಲ್ಲಾ ಸೇರಿ. ದುಡ್ಡು ತಗೊಳ್ಳಲಿಲ್ಲ. ವಯಸ್ಸು ಕೇಳಿದರೆ ಎರಡು ವರ್ಷ ಇರಬಹುದು ಅಂದರು. "ಬಡ್ಜಿ ತರ್ತಿದ್ದೀನಿ" ಅಂತ ಫೋನಲ್ಲಿ ಹೇಳಿದ್ದಕ್ಕೆ ಅತ್ತೆ ಬಜ್ಜಿ ಅಂದುಕೊಂಡು ಕಾಫಿಗೆ ಇಟ್ಟು ಕಾಯುತ್ತಾ ಕೂತಿದ್ದರು, ಅದು ಬೇರೆ ಕಥೆ.

ಹಸಿರಿನದಕ್ಕೆ ಮಗಳು ಗುಂಡ ಅಂತ ಹೆಸರಿಟ್ಟಿದ್ದಾಳೆ. ನೀಲಿಯದು ಚಿನ್ನಿ. ಪಂಜರವನ್ನು ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಸ್ಟೂಲ್ ಮೇಲೆ ಇಟ್ಟಿದ್ದೀವಿ. ನೀರು ಬದಲಾಯಿಸೋಕೆ ಕೈ ಹಾಕಿದರೆ ಸಾಕು, ಎರಡೂ ಗಾಬರಿಯಾಗಿ ಕಂಬಿಗೆ ಬಡಿದುಕೊಳ್ಳುತ್ತವೆ. ಆಮೇಲೆ ಚಿನ್ನಿ ಮೂಲೆಗೆ ಅಂಟಿಕೊಳ್ಳುತ್ತೆ, ಗುಂಡ ಮಡಕೆ ಒಳಗೆ ಹೋಗಿ ಕೂತುಬಿಡುತ್ತೆ. ನಿನ್ನೆ ಮಗಳ ಬೆರಳು ಮಡಕೆ ಹತ್ತಿರ ಹೋಗಿದ್ದಕ್ಕೆ ಗುಂಡ ರಕ್ತ ಬರೋ ಹಾಗೆ ಕಚ್ಚಿತು. ಇನ್ನೊಂದು ಅನುಮಾನ. ಗುಂಡನ ಕೊಕ್ಕಿನ ಮೇಲೆ, ಮೂಗಿನ ತೂತು ಇರೋ ಜಾಗ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಹಾಗಿದೆ. ಚಿನ್ನಿಗೆ ಹಾಗಿಲ್ಲ, ನುಣ್ಣಗೆ ನೀಲಿ. ಇದು ಏನಾದರೂ ರೋಗವಾ?

ಯೂಟ್ಯೂಬಲ್ಲಿ ನೋಡಿದರೆ ಮೂರೇ ದಿನಕ್ಕೆ ಹಕ್ಕಿ ಹೆಗಲ ಮೇಲೆ ಕೂರುತ್ತೆ. ಮಗಳು ನಾಲ್ಕನೇ ಕ್ಲಾಸು, ಸ್ಕೂಲಿಂದ ಬಂದವಳೇ ಬ್ಯಾಗ್ ಹಾಕಿಕೊಂಡೇ ಪಂಜರದ ಮುಂದೆ ನಿಂತು "ಇವತ್ತು ಬರುತ್ತಾ" ಅಂತ ಕೇಳ್ತಾಳೆ. ನಾವು ಎಲ್ಲಿ ತಪ್ಪು ಮಾಡ್ತಿದ್ದೀವಿ?

ಗುಬ್ಬಿ ಗೂಡು

ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ನನ್ನ ಹತ್ರ ಹನ್ನೆರಡು ಲವ್ ಬರ್ಡ್ಸ್ ಇವೆ. ರೆಕ್ಕೆ ಸ್ವಲ್ಪ ಕತ್ತರಿಸಿ, ಎರಡನ್ನೂ ಬೇರೆ ಬೇರೆ ಪಂಜರಕ್ಕೆ ಹಾಕಿ, ಬೆಳಿಗ್ಗೆ ಕಾಳು ತೆಗೆದುಬಿಡಿ. ಸಂಜೆ ಹೊತ್ತಿಗೆ ಹಸಿವಾಗಿ ತಾನಾಗೇ ಕೈಗೆ ಬರುತ್ತೆ. ಒಂದು ವಾರದ ಕೆಲಸ.

ಹಳೇ ಪಂಚೆ

ಮೇಲಿನವರ ಮಾತು ಕೇಳಬೇಡಿ ಅಕ್ಕ, ಅದರಲ್ಲೂ ಹಸಿವಿನ ವಿಷಯದಲ್ಲಿ. ಬಡ್ಜಿ ಅಂದರೆ ಒಟ್ಟು ಮೂವತ್ತರಿಂದ ನಲವತ್ತು ಗ್ರಾಂ ತೂಕದ ಜೀವ. ದಿನವಿಡೀ ಸ್ವಲ್ಪ ಸ್ವಲ್ಪ ಕುಕ್ಕುತ್ತಾ ಇರಬೇಕಾದ ಹಕ್ಕಿ ಅದು, ಅರ್ಧ ದಿನ ಉಪವಾಸ ಹಾಕೋದು ಅಂದರೆ ತಮಾಷೆ ಅಲ್ಲ. (ಅಂದಹಾಗೆ ನಮ್ಮ ಕಡೆ ಅಂಗಡಿಯವರೆಲ್ಲ ಬಡ್ಜಿಗೇ ಲವ್ ಬರ್ಡ್ಸ್ ಅಂತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಾಲ ಮೋಟು. ಬಡ್ಜಿ ಆಸ್ಟ್ರೇಲಿಯಾದ್ದು.)

ಮೊದಲು ಮೂಗಿನ ವಿಷಯ, ಯಾಕಂದ್ರೆ ನಿಮ್ಮ ಅರ್ಧ ತೊಂದರೆಗೆ ಉತ್ತರ ಅಲ್ಲೇ ಇದೆ. ಗುಂಡ ಗಂಡಲ್ಲ, ಹೆಣ್ಣು! ಬೆಳೆದ ಬಡ್ಜಿಗಳಲ್ಲಿ ಸಾಮಾನ್ಯವಾಗಿ ಕೊಕ್ಕಿನ ಮೇಲಿನ ಆ ಉಬ್ಬು ಗಂಡಿಗೆ ನೀಲಿ, ಹೆಣ್ಣಿಗೆ ಕಂದು ಇಲ್ಲಾ ಮಾಸಲು ಬಿಳಿ. ಹೆಣ್ಣು ಮೊಟ್ಟೆ ಇಡೋ ಹದಕ್ಕೆ ಬಂದಾಗ ಅದು ಗಾಢ ಕಂದಾಗಿ, ಒರಟಾಗಿ, ಸಿಪ್ಪೆ ಎದ್ದ ಹಾಗೆ ಕಾಣುತ್ತೆ. ರೋಗ ಅಲ್ಲ. ಕೊಕ್ಕಿನ ಪಕ್ಕ, ಕಣ್ಣಿನ ಸುತ್ತ, ಕಾಲಿನ ಮೇಲೆ ಬಿಳಿ ಪುಡಿ ಮೆತ್ತಿದ ಹಾಗೆ, ಸಣ್ಣ ಸಣ್ಣ ತೂತು ತೂತಾಗಿ ಕಂಡರೆ ಅದು ಹುಳುವಿನ ಕಾಟ. ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು, ಮನೆಯಲ್ಲೇ ಏನೂ ಹಚ್ಚಬೇಡಿ. ನೀವು ಹೇಳಿದ್ದು ನೋಡಿದರೆ ಹಾಗಿಲ್ಲ. ಇನ್ನು ನಿಮ್ಮ ಚಿನ್ನಿ ಗಂಡು. ಹೆಸರು ಅದಲು ಬದಲು ಮಾಡೋದಾ ಬೇಡವಾ ಅನ್ನೋದನ್ನ ಮಗಳಿಗೇ ಬಿಡಿ.

ಹೆಣ್ಣು ಹಕ್ಕಿ, ಜೊತೆಗೆ ಗಂಡು, ಮೇಲೆ ಕತ್ತಲೆಯ ಮಡಕೆ. ಇಷ್ಟು ಸಾಕು, ಅದಕ್ಕೆ ಅದೇ ಮನೆ, ಅದೇ ಬಾಣಂತಿ ಕೋಣೆ. ಅಲ್ಲಿಗೆ ಬೆರಳು ಬಂದರೆ ಕಚ್ಚದೆ ಇನ್ನೇನು ಮಾಡೀತು? ಮಡಕೆ ಇರೋವರೆಗೆ ಗುಂಡ ನಿಮ್ಮ ಕೈಗೆ ಬರೋದು ಕಷ್ಟ. ಟಾರ್ಚ್ ಬಿಟ್ಟು ನೋಡಿ, ಮೊಟ್ಟೆ ಇಲ್ಲದಿದ್ದರೆ ತೆಗೆದುಬಿಡಿ. ಬಡ್ಜಿಗೆ ಮಲಗೋಕೆ ಮಡಕೆ ಬೇಡ, ಕೊಂಬೆ ಮೇಲೆ ಕೂತೇ ನಿದ್ದೆ ಮಾಡುತ್ತೆ. ಅಂಗಡಿಯವರು ಪಂಜರದ ಜೊತೆ ಮಡಕೆ ಕೊಟ್ಟು ಕಳಿಸೋದು ಒಂದು ಕೆಟ್ಟ ಚಾಳಿ. ಎರಡು ವಾರದಲ್ಲಿ ಆರು ಮೊಟ್ಟೆ ಬಿದ್ದ ಮೇಲೆ ಜನ ಬಂದು ಏನು ಮಾಡೋದು ಅಂತ ಕೇಳ್ತಾರೆ.

ಈಗ ಜಾಗ. ಟಿವಿ ಪಕ್ಕದಿಂದ ಎತ್ತಿ. ಸ್ಟೂಲ್ ಮೇಲೆ ಅಂದರೆ ಮನೆಯವರೆಲ್ಲ ಮೇಲಿಂದ ಬಗ್ಗಿ ನೋಡೋ ಹಾಗಾಗುತ್ತೆ, ಹಕ್ಕಿ ಪಾಲಿಗೆ ಮೇಲಿಂದ ಬರೋದೆಲ್ಲ ಗಿಡುಗವೇ. ನಿಮ್ಮ ಎದೆಯಿಂದ ಕಣ್ಣಿನ ಎತ್ತರಕ್ಕೆ ಬರಲಿ, ಹಿಂದೆ ಒಂದು ಗೋಡೆ ಇರಲಿ. ನೇರ ಬಿಸಿಲು, ನೇರ ಗಾಳಿ ಬೇಡ. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲೆ ಬೇಕು, ನಾನು ಏಳು ಗಂಟೆಗೇ ಮೂರು ಕಡೆ ಹಳೇ ಪಂಚೆ ಹೊದಿಸಿ ಬಿಡ್ತೀನಿ. ಪೂರ್ತಿ ಕಪ್ಪು ಕತ್ತಲೆಯಲ್ಲಿ ಬೆಚ್ಚಿಬಿದ್ದು ಪಂಜರ ತುಂಬಾ ಬಡಿದಾಡೋ ಹಕ್ಕಿಗಳೂ ಇವೆ, ನಿಮ್ಮದು ಹಾಗೆ ಮಾಡಿದರೆ ದೂರದಲ್ಲೊಂದು ಝೀರೋ ಬಲ್ಬ್ ಇರಲಿ.

ಪಳಗಿಸೋದಕ್ಕೆ ಗುಟ್ಟು ಏನೂ ಇಲ್ಲ, ಸಮಯ ಅಷ್ಟೆ. ಎರಡು ವರ್ಷ ಯಾರೂ ಮುಟ್ಟದೆ ಬೆಳೆದ ಹಕ್ಕಿ ಮೂರು ದಿನಕ್ಕೆ ಹೆಗಲಿಗೆ ಬರಲ್ಲ. ವಿಡಿಯೋದಲ್ಲಿರೋದು ಐದಾರು ವಾರದ ಮರಿ. ಹಣೆ ಮೇಲಿನ ಪಟ್ಟೆ ಮೂಗಿನವರೆಗೂ ಇಳಿದಿರುತ್ತೆ, ನೋಡಿ. ಇನ್ನೊಂದು ವಾರ ಕೈ ಹಾಕೋದು ಕಾಳು, ನೀರಿಗೆ ಮಾತ್ರ, ಅದೂ ನಿಧಾನವಾಗಿ, "ನೀರು ತಂದೆ ಕಣೋ" ಅಂತ ಮಾತಾಡುತ್ತಾ, ದಿನಾ ಅದೇ ಹೊತ್ತಿಗೆ. ಮಗಳಿಗೆ ಪಂಜರದ ಪಕ್ಕ ಕೂತು ಪಾಠ ಗಟ್ಟಿಯಾಗಿ ಓದೋಕೆ ಹೇಳಿ. ನೋಡೋದು ಬೇಡ, ಓದಿದರೆ ಸಾಕು. ಸುಮ್ನೆ ಕಣ್ಣು ಬಿಟ್ಟುಕೊಂಡು ದಿಟ್ಟಿಸೋದು ಬೆಕ್ಕಿನ ಕೆಲಸ.

ನೀವು ಪಕ್ಕದಲ್ಲಿದ್ದಾಗ ಅವು ರೆಕ್ಕೆ ಬಾಚಿಕೊಳ್ಳೋಕೆ, ಕಾಳು ತಿನ್ನೋಕೆ ಶುರು ಮಾಡಿದರೆ ಮುಂದಿನ ಹೆಜ್ಜೆ. ನವಣೆ ತೆನೆ ಸಿಗುತ್ತಾ ನೋಡಿ, ಬಿಡಿ ಕಾಳಲ್ಲ, ಇಡೀ ತೆನೆ. ತುಮಕೂರು ಸುತ್ತ ಸಿರಿಧಾನ್ಯ ಬೆಳೆಯೋರು ಇದ್ದಾರೆ, ಔಷಧಿ ಹೊಡೆದಿಲ್ಲ ಅಂತ ಖಾತ್ರಿ ಮಾಡಿಕೊಂಡು ತನ್ನಿ. ಅದನ್ನ ಬಟ್ಟಲಿಗೆ ಹಾಕಬೇಡಿ, ನಿಮ್ಮ ಕೈಯಿಂದ ಮಾತ್ರ ಸಿಗಬೇಕು. ಮೊದಮೊದಲು ಕಂಬಿ ಹೊರಗಿಂದ ಹಿಡಿಯಿರಿ, ಆಮೇಲೆ ಬಾಗಿಲಿನಿಂದ. ಉದ್ದ ತೆನೆ ಆದರೆ ಕೈ ದೂರ ಇರುತ್ತೆ, ದಿನಾ ಒಂದೊಂದು ಇಂಚು ಗಿಡ್ಡ ಹಿಡಿಯೋದು. ಐದು ಹತ್ತು ನಿಮಿಷ, ದಿನಕ್ಕೆ ಎರಡು ಸಲ, ಅಷ್ಟೇ. ಹಕ್ಕಿ ಮೈ ಬಿಗಿ ಮಾಡಿ ಸಣ್ಣಗೆ ಉದ್ದಕ್ಕೆ ನಿಂತರೆ ಹೆದರಿದೆ ಅಂತ, ಅಲ್ಲಿಗೇ ನಿಲ್ಲಿಸಿ ಕೈಯನ್ನ ಮೆಲ್ಲಗೆ ಹಿಂದೆ ತನ್ನಿ. ನೀವು ಹಿಂದೆ ಸರಿಯುತ್ತೀರಿ ಅಂತ ಅದಕ್ಕೆ ಗೊತ್ತಾಗಬೇಕು. ಹಿಡಿದು ಕೂರಿಸಿಕೊಂಡರೆ ಒಂದು ತಿಂಗಳ ಕೆಲಸ ಒಂದು ನಿಮಿಷಕ್ಕೆ ಹಾಳು.

ಬೇರೆ ಮಾಡಬೇಡಿ. ಗುಂಪಿನ ಹಕ್ಕಿ ಅದು. ಜೋಡಿ ಇದ್ದರೆ ಪಳಗೋದು ತಡ, ಒಪ್ಪಿಕೊಳ್ಳೋಣ. ಆದರೆ ಒಂದು ಧೈರ್ಯ ಮಾಡಿದರೆ ಇನ್ನೊಂದು ನೋಡಿ ಹಿಂದೆ ಬರುತ್ತೆ.

ಕಾವಲಿ

ಹಳೇ ಪಂಚೆಯವರು ಬರೆದಿದ್ದಕ್ಕೆ ಒಂದೆರಡು ಸೇರಿಸ್ತೀನಿ, ಯಾಕಂದ್ರೆ ಇದನ್ನ ನಾನು ಹಕ್ಕಿ ಕಳಕೊಂಡು ಕಲಿತವಳು.

ನನ್ನ ಮೊದಲ ಬಡ್ಜಿ ಚೆನ್ನಾಗಿ ಪಳಗಿತ್ತು, ಕರೆದರೆ ಬರ್ತಿತ್ತು. ಒಂದು ಮಧ್ಯಾಹ್ನ ಹೊರಗೆ ಬಿಟ್ಟಿದ್ದೆ. ನೆಂಟರೊಬ್ಬರು ಒಳಗೆ ಬಂದವರು ಸೆಕೆ ಅಂತ ಫ್ಯಾನ್ ಸ್ವಿಚ್ ಹಾಕಿದರು. ಅವರಿಗೇನು ಗೊತ್ತು, ತಪ್ಪು ನನ್ನದೇ. ಅವತ್ತಿಂದ ಹಕ್ಕಿ ಹೊರಗಿದ್ದಾಗ ಸ್ವಿಚ್ ಮೇಲೆ ಬಟ್ಟೆ ಒಣಹಾಕೋ ಕ್ಲಿಪ್ಪಿನಲ್ಲಿ ಒಂದು ಚೀಟಿ ಸಿಕ್ಕಿಸಿರ್ತೀನಿ. ಕಿಟಕಿ ಮುಚ್ಚಿ, ಗಾಜಿಗೂ ಕನ್ನಡಿಗೂ ಪರದೆ ಎಳೆದು, ನೀರು ತುಂಬಿದ ಬಕೆಟ್ ಮುಚ್ಚಿ, ಆಮೇಲೇ ಪಂಜರದ ಬಾಗಿಲು ತೆಗೆಯೋದು.

ಇನ್ನು ಹೊಗೆ. ಹಕ್ಕಿಯ ಶ್ವಾಸಕೋಶ ತುಂಬಾ ಸೂಕ್ಷ್ಮ. ನಾನ್‌ಸ್ಟಿಕ್ ಪಾತ್ರೆ ಜಾಸ್ತಿ ಕಾದರೆ ಬರೋ ಗಾಳಿ ನಮಗೆ ವಾಸನೆ ಕೂಡ ಬರೋ ಮುಂಚೆ ಹಕ್ಕಿಯನ್ನ ಕೊಲ್ಲಬಲ್ಲದು. ಕಬ್ಬಿಣದ ದೋಸೆ ಕಾವಲಿಗೆ ಆ ಲೇಪ ಇಲ್ಲ, ಆದರೆ ಒಗ್ಗರಣೆ ಹೊಗೆಯೂ ಬೇಡ, ಅಡುಗೆಮನೆಯಿಂದ ದೂರ ಇಡಿ. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ, ರೂಮ್ ಸ್ಪ್ರೇ ಎಲ್ಲಾ ಇದೇ ಲೆಕ್ಕ.

ಕಾಳಿನ ಬಟ್ಟಲು ದಿನಾ ಊದಿ ನೋಡಿ. ಬಡ್ಜಿ ಕಾಳು ಸುಲಿದು ಹೊಟ್ಟನ್ನ ಅಲ್ಲೇ ಬಿಡುತ್ತೆ. ಬಟ್ಟಲು ತುಂಬಿದ ಹಾಗೇ ಕಾಣುತ್ತೆ, ಊದಿದರೆ ಕೆಳಗೆ ಏನೂ ಇರಲ್ಲ. ಹೊಸಬರು ಬಟ್ಟಲು ತುಂಬಿದೆ ಅಂದುಕೊಂಡು ಹಕ್ಕಿಯನ್ನ ಉಪವಾಸ ಕೆಡವೋದು ಹೀಗೇನೇ. ಬರೀ ನವಣೆ ಸಾಲದು, ಕೊತ್ತಂಬರಿ, ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು ಚೆನ್ನಾಗಿ ತೊಳೆದು ಒದ್ದೆ ಇರುವಾಗಲೇ ಕಟ್ಟಿ. ತಿನ್ನದಿದ್ದರೂ ಅದರಲ್ಲೇ ಉರುಳಾಡಿ ಸ್ನಾನ ಮಾಡುತ್ತವೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ ಕೂಡದು.

ಉಬ್ಬಿಕೊಂಡು ಪಂಜರದ ತಳದಲ್ಲಿ ಕೂತರೆ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡಿದರೆ ನಾಳೆ ನೋಡೋಣ ಅನ್ನಬೇಡಿ. ಹಕ್ಕಿ ಕಾಯಿಲೆ ಬಚ್ಚಿಡುತ್ತೆ, ನಮಗೆ ಕಾಣೋ ಹೊತ್ತಿಗೆ ಜೋರಾಗಿರುತ್ತೆ. ಸಾಮಾನ್ಯವಾಗಿ ಊರಿನ ಪಶು ಡಾಕ್ಟರು ಹಸು ಎಮ್ಮೆ ನೋಡೋರು, ಹಕ್ಕಿ ನೋಡ್ತಾರಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಇಲ್ಲಾಂದ್ರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಫೋನ್ ಮಾಡಿ ಹೋಗಿ.

ಗುಬ್ಬಿ ಗೂಡು

ಫ್ಯಾನಿನ ಮಾತು ಬಂತಲ್ಲ, ಅದಕ್ಕೇ ನಾನು ರೆಕ್ಕೆ ಕತ್ತರಿಸಿ ಅಂದಿದ್ದು! ಹಾರದ ಹಕ್ಕಿ ಫ್ಯಾನಿಗೆ ಸಿಗಲ್ಲ, ಕಿಟಕಿಯಿಂದ ಹೋಗಲ್ಲ. ಹಸಿವಿನ ಮಾತು ಬಿಡಿ, ನಮ್ಮ ಕಡೆ ಎಲ್ಲಾ ಹಾಗೇ ಮಾಡ್ತಾರೆ ಅಂತ ಹೇಳಿದೆ, ಗ್ರಾಂ ಲೆಕ್ಕ ನಾನು ಯೋಚಿಸಿರಲಿಲ್ಲ.

ಕಾವಲಿ

ಅರ್ಥ ಆಗುತ್ತೆ ಸರ್. ಆದರೆ ಹಾರೋಕಾಗದ ಹಕ್ಕಿ ಹೆದರಿದಾಗ ನೆಲಕ್ಕೆ ಬೀಳುತ್ತೆ, ಕಾಲ ಕೆಳಗೆ ಸಿಗುತ್ತೆ, ಎದೆಗೆ ಪೆಟ್ಟಾಗುತ್ತೆ. ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಹಾರುತ್ತೆ, ನಾವು ಮಾತ್ರ ಹಾರಲ್ಲ ಅಂದುಕೊಂಡು ಕಿಟಕಿ ತೆಗೆದಿರ್ತೀವಿ. ಗೊತ್ತಿಲ್ಲದೆ ಹೊಸ ಗರಿ ಕತ್ತರಿಸಿದರೆ ರಕ್ತ ನಿಲ್ಲಿಸೋದೂ ಕಷ್ಟ.

ತುಮಕೂರು ಮನೆ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಬಿಟ್ಟು ನೋಡಿದೆವು, ಮೊಟ್ಟೆ ಇಲ್ಲ. ಮಡಕೆ ತೆಗೆದೆವು, ಗುಂಡ (ಹೆಸರು ಬದಲಾಯಿಸಲ್ಲ ಅಂತ ತೀರ್ಮಾನ ಆಗಿದೆ) ಆ ಜಾಗದಲ್ಲೇ ಕೊಕ್ಕು ತೂರಿಸಿ ಎರಡು ದಿನ ಹುಡುಕಿತು. ನೋಡೋಕೆ ಬೇಜಾರಾಯ್ತು. ಇದು ಸರಿನಾ? ಶುಕ್ರವಾರ ಅತ್ತೆ ಮನೆಯೆಲ್ಲಾ ಸಾಂಬ್ರಾಣಿ ಹಾಕ್ತಾರೆ, ಅದನ್ನ ನಿಲ್ಲಿಸಿ ಅಂತ ಹೇಳೋ ಧೈರ್ಯ ನನಗಿಲ್ಲ.

ಹಳೇ ಪಂಚೆ

ಒಂದು ವಾರ ಹುಡುಕುತ್ತೆ, ಆಮೇಲೆ ಮರೆಯುತ್ತೆ. ಪಂಜರದ ಕತ್ತಲೆ ಮೂಲೆಗಳಿಗೆ ಏನೂ ತುಂಬಬೇಡಿ. ಪ್ಲಾಸ್ಟಿಕ್ ಕೋಲು ತೆಗೆದು ಸೀಬೆ ಕೊಂಬೆಯೋ ಬೇವಿನ ಕೊಂಬೆಯೋ ತೊಳೆದು ಒಣಗಿಸಿ ಕಟ್ಟಿ, ದಪ್ಪ ಸಣ್ಣ ಇದ್ದರೆ ಕಾಲಿಗೆ ಒಳ್ಳೆಯದು, ತೊಗಟೆ ಕಚ್ಚುತ್ತಾ ಹೊತ್ತು ಹೋಗುತ್ತೆ. ಸಾಂಬ್ರಾಣಿಗೆ ಒಂದೇ ದಾರಿ, ಶುಕ್ರವಾರ ಪಂಜರವನ್ನ ಬಾಗಿಲು ಮುಚ್ಚೋ ರೂಮಿಗೆ ಒಯ್ದು, ಹೊಗೆ ಪೂರ್ತಿ ಹೋದ ಮೇಲೆ ತರೋದು. ಅತ್ತೆಯವರನ್ನೇ ಕಾಳು ಹಾಕೋ ಕೆಲಸಕ್ಕೆ ಹಚ್ಚಿ ನೋಡಿ.

ತುಮಕೂರು ಮನೆ

ಇಪ್ಪತ್ತಾರನೇ ದಿನ. ಬರೆಯದೆ ಇರೋಕಾಗಲಿಲ್ಲ.

ಪಂಜರ ಈಗ ಊಟದ ಮೇಜಿನ ಹಿಂದಿನ ಗೋಡೆಗೆ ಇದೆ. ಮಗಳು ದಿನಾ ಅರ್ಧ ಗಂಟೆ ಮಗ್ಗಿ ಹೇಳ್ತಾಳೆ, ಹದಿಮೂರರ ಮಗ್ಗಿ ಬಂದಾಗ ಇವಳು ತಡವರಿಸುತ್ತಾಳೆ, ಚಿನ್ನಿ ಅಲ್ಲೇ ಕಿಚಿಕಿಚಿ ಶುರು ಮಾಡುತ್ತೆ. ನವಣೆ ತೆನೆ ಗಾಂಧಿನಗರದ ಅಂಗಡಿಯಲ್ಲಿ ಸಿಗಲಿಲ್ಲ, ಊರಿಂದ ಮಾವ ಒಂದು ಕಟ್ಟು ತಂದರು. ಹತ್ತು ದಿನ ಹೊರಗಿಂದ, ಆಮೇಲೆ ಒಳಗೆ. ಮೊನ್ನೆ ತೆನೆ ತುಂಬಾ ಗಿಡ್ಡ ಆಗಿತ್ತು. ಚಿನ್ನಿ ಕುತ್ತಿಗೆ ಉದ್ದ ಮಾಡಿತು, ಎಟುಕಲಿಲ್ಲ. ಮಗಳ ತೋರುಬೆರಳ ಮೇಲೆ ಒಂದು ಕಾಲಿಟ್ಟು ತಿನ್ನುತ್ತಾ ನಿಂತಿತು, ಇನ್ನೊಂದು ಕಾಲು ಕೊಂಬೆ ಮೇಲೇ. ಕಾಲು ಬೆಚ್ಚಗಿದೆ ಅಮ್ಮ ಅಂತ ಅವಳು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಚಿನ್ನಿ ಹೋಯ್ತು.

ಗುಂಡ ಇನ್ನೂ ಯಾರ ಹತ್ತಿರವೂ ಬರಲ್ಲ, ಅತ್ತೆಯನ್ನ ಬಿಟ್ಟು. ಅವರು ಬೆಳಿಗ್ಗೆ ಬಟ್ಟಲು ಊದಿ ಹೊಟ್ಟು ತೆಗೆಯುವಾಗ ಕಂಬಿ ಹತ್ತಿರ ಬಂದು ನಿಲ್ಲುತ್ತೆ. ಈ ಶುಕ್ರವಾರ ಸಾಂಬ್ರಾಣಿ ಹಚ್ಚೋ ಮುಂಚೆ ಪಂಜರ ಎತ್ತಿಕೊಂಡು ರೂಮಿಗೆ ಹೋದವರು ಅವರೇ. ಒಂದು ಪ್ರಶ್ನೆ ಉಳಿದಿದೆ. ರಾತ್ರಿ ಪಂಚೆ ಹೊದಿಸಿದ ಮೇಲೆ ಒಳಗಿಂದ ಹಲ್ಲು ಕಡಿದ ಹಾಗೆ ಕರಕರ ಸದ್ದು ಬರುತ್ತೆ, ಅದು ಏನು?

ಹಳೇ ಪಂಚೆ

ಕೊಕ್ಕು ಮಸೆಯೋ ಸದ್ದು ಅಕ್ಕ. ನೆಮ್ಮದಿಯಾಗಿ ನಿದ್ದೆಗೆ ಜಾರುವಾಗ ಹಾಗೆ ಮಾಡುತ್ತವೆ. ಪಂಚೆ ಎತ್ತಿ ನೋಡೋಕೆ ಹೋಗಬೇಡಿ.