ಅಷ್ಟಾವಕ್ರನೂ ಹಳದಿ ಬಾವುಟವೂ

"ಇದೂ ಕ್ಯಾನ್ಸಲ್," ಅಂದ ಸೀನ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ. "ದಿನಕ್ಕೆರಡು ಸಲ 'ಮನೆ ಮುಟ್ಟಿದೆಯಾ' ಅಂತ ಕೇಳುತ್ತಾಳೆ. ರೆಡ್ ಫ್ಲ್ಯಾಗ್."

"ಹೋದ ತಿಂಗಳಿನವಳು?" ಪದ್ಮ ಕೇಳಿದಳು.

"ಅವಳು ಕೇಳುತ್ತಲೇ ಇರಲಿಲ್ಲ. ಅದೂ ರೆಡ್ ಫ್ಲ್ಯಾಗ್."

ಶಾಮಣ್ಣ ಪೇಪರು ಮಡಚಿಟ್ಟ. 'ಹುಷಾರು, ದೂರವಿರು' ಅನ್ನೋ ಅರ್ಥದ ಈ ಮಾತು ಕಿವಿಗೆ ಬಿದ್ದರೆ ಸಾಕು, ಅವನಿಗೆ ಮೈಯೆಲ್ಲ ಉರಿ. ಬಾಸ್ ನಕ್ಕರೆ ಕೆಂಪು ಬಾವುಟ, ನಗದಿದ್ದರೆ ಕೆಂಪು ಬಾವುಟ, ಗೆಳೆಯ ತಡವಾಗಿ ಉತ್ತರ ಕೊಟ್ಟರೂ ಅದೇ. ಎಲ್ಲರ ಕೈಯಲ್ಲೂ ಬಾವುಟ, ಗಾಡಿ ಮಾತ್ರ ಯಾರದೂ ಮುಂದಕ್ಕೆ ಹೋಗುತ್ತಿಲ್ಲ.

"ಲೋ, ಅಮೆರಿಕದ ಸ್ಟಾಪ್ ಬೋರ್ಡೇ ಮೊದಲು ಕೆಂಪಗಿರಲಿಲ್ಲ, ಗೊತ್ತಾ? 1915ರಲ್ಲಿ ಡೆಟ್ರಾಯಿಟ್‌ನಲ್ಲಿ ನೆಟ್ಟಿದ್ದು ಬಿಳಿ ಹಲಗೆ, ಕಪ್ಪು ಅಕ್ಷರ. ಆಮೇಲೆ ಹಳದಿ. ಆಗಿನ ಕೆಂಪು ಬಣ್ಣ ಮಾಸಿಹೋಗುತ್ತಿತ್ತು, ರಾತ್ರಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮಾಸದ ಎನಾಮೆಲ್ ಬಂದ ಮೇಲೆ, 1954ರಲ್ಲಿ, ಕೆಂಪಾಗಿದ್ದು. ಅಲ್ಲಿಯವರೆಗೆ ಜನ ಹಳದಿ ನೋಡಿಯೇ ಬ್ರೇಕ್ ಹಾಕಿದರು."

"ಕಾಮಾಲೆ ಕಣ್ಣಿಗೆ..." ಎಂದು ಗುಂಡ ಶುರುಮಾಡಿದ. ಯಾರೂ ಮುಗಿಸಲು ಬಿಡಲಿಲ್ಲ.

"ಹಾಗಾದರೆ ಎಷ್ಟು ಅಪಾಯ ಅಂತ ಗೊತ್ತಾಗುತ್ತಿದ್ದುದು ಹೇಗೆ?"

"ಬೋರ್ಡಿನ ಬದಿ ಎಣಿಸಿ! 1923ರಲ್ಲಿ ಮಿಸಿಸಿಪ್ಪಿ ಕಣಿವೆಯ ರಾಜ್ಯಗಳ ರಸ್ತೆ ಇಲಾಖೆಯವರು ಕೂತು ಲೆಕ್ಕ ಹಾಕಿದರು. ಬದಿ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ಸುಮ್ನೆ ಏನಾದರೂ ತಿಳಿಸಲು ನಾಲ್ಕು ಬದಿ. ಎಚ್ಚರಿಕೆಗೆ ಅದನ್ನೇ ಇಸ್ಪೀಟಿನ ಡೈಮಂಡ್ ಥರ ತಿರುಗಿಸಿದ್ದು. 'ನಿಲ್ಲು' ಅನ್ನಲು ಎಂಟು. ರೈಲು ಅಡ್ಡ ಬರುವ ಕಡೆ ದುಂಡಗಿನ ಬೋರ್ಡು, ವೃತ್ತಕ್ಕೆ ಬದಿಗಳ ಲೆಕ್ಕವೇ ಇಲ್ಲವಲ್ಲ."

ಇದು ಸಿಕ್ಕಿದ್ದೇ ತಡ, ಎಲ್ಲರೂ ಗೊತ್ತಿದ್ದವರ ಬದಿ ಎಣಿಸತೊಡಗಿದರು. ಸೀನನ ಬಾಸ್‌ಗೆ ಎಂಟು, ಸಾಕ್ಷಾತ್ ಅಷ್ಟಾವಕ್ರ. ಸಾಲ ತೆಗೆದುಕೊಂಡು ಫೋನ್ ನಂಬರ್ ಬದಲಿಸಿದ ಗೆಳೆಯನಿಗೆ ಎಂಟು ಸಾಲದು ಅಂತ ಹನ್ನೆರಡು.

"ನಮ್ಮ ಮಾವನವರು?" ಎಂದಳು ಪದ್ಮ. "ಎಷ್ಟು ಎಣಿಸಿದರೂ ಮುಗಿಯುವುದಿಲ್ಲ."

"ಪೂರ್ತಿ ವೃತ್ತ. ಎರಡೂ ಕಡೆ ನೋಡಿ ದಾಟಮ್ಮಾ."

ಗುಂಡ ಹೊಟ್ಟೆ ಮುಟ್ಟಿಕೊಂಡು, "ನಾನೂ ದುಂಡಗಿದ್ದೀನಲ್ಲೋ" ಎಂದು ಗಾಬರಿಯಾದ.

"ಸೀನ, ಬ್ರಿಟನ್ನಿನಲ್ಲಿ ಮಕ್ಕಳು ರಸ್ತೆ ದಾಟುವ ಕಡೆ ಒಂದು ಬೋರ್ಡಿದೆ," ಎಂದ ಶಾಮಣ್ಣ. "ಹಳೆಯದರಲ್ಲಿ ಹುಡುಗ ಮುಂದೆ, ಹುಡುಗಿ ಹಿಂದೆ. 1960ರ ದಶಕದಲ್ಲಿ ಬೋರ್ಡುಗಳ ವಿನ್ಯಾಸಕಿ ಮಾರ್ಗರೆಟ್ ಕ್ಯಾಲ್ವರ್ಟ್ ಅದನ್ನು ಅದಲುಬದಲು ಮಾಡಿದರು. ಹುಡುಗಿ ಪುಟ್ಟ ಹುಡುಗನ ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ. ಆ ಹುಡುಗಿ ಚಿಕ್ಕಂದಿನ ಅವರೇ. ಅವರದೇ 'ಕೆಲಸ ನಡೆದಿದೆ' ಅನ್ನೋ ಬೋರ್ಡನ್ನು ನೋಡಿ, ಯಾರೋ ಕೊಡೆ ಬಿಚ್ಚಲು ಒದ್ದಾಡುತ್ತಿದ್ದಾನೆ ಅಂತ ಜನ ನಗುತ್ತಾರೆ, ಅದು ಬೇರೆ ವಿಷಯ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಮ್ಮಕ್ಕ ಹಾಗೇ ಹಿಡಿಯುತ್ತಿದ್ದಳು, ಮಣಿಕಟ್ಟು ಕೆಂಪಗಾಗುವ ಹಾಗೆ. ನಾನು ಕೊಸರಾಡುತ್ತಿದ್ದೆ. ಈಗ ಅವಳಿಲ್ಲ. ರಸ್ತೆ ದಾಟುವಾಗ ಇವತ್ತಿಗೂ ಎಡಗೈ ತಾನಾಗಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ."

ಸೀನ ಫೋನು ಮಗುಚಿ ಏನೋ ಟೈಪ್ ಮಾಡಿದ. ಪದ್ಮ ಇಣುಕಿ ನೋಡಿದಳು. 'ಮನೆ ಮುಟ್ಟಿದೆ.'

"ನೀನಿನ್ನೂ ಇಲ್ಲೇ ಕೂತಿದ್ದೀಯಲ್ಲೋ!"